ಕೆಮ್ಮಲು ಬಾರದ ಜೀವ

(ಅಮೆರಿಕದ ಮಿನೆಸೋಟಾ. ಜನವರಿಯ ಒಂದು ಭಾನುವಾರದ ಸಂಜೆ, ಹೊರಗೆ ಮೊಣಕಾಲುದ್ದ ಹಿಮ. ಮನೆಯಾಕೆಗೆ ಐವತ್ತು ದಾಟಿದೆ. ಬಂದವನು ಕನ್ನಡ ಕೂಟದಲ್ಲಿ ಪರಿಚಯವಾದ ಪಶುವೈದ್ಯ. ಹಾವು, ಆಮೆ, ಗಿಳಿಗಳಿಗೆ ಔಷಧ ಕೊಡುವುದು ಅವನ ಕಸುಬು.)

– ಶೂ ಅಲ್ಲೇ ಬಿಡು, ಮೊದಲು ಒಳಗೆ ಬಾ, ಗಾಳಿ ಹೊಡೀತಿದೆ. ಭಾನುವಾರ ನಿನಗೆ ತೊಂದರೆ ಕೊಟ್ಟೆ ಕಣಪ್ಪ. ಮೂರು ದಿನದಿಂದ ಇವಳು ಒಂಥರಾ ಸದ್ದು ಮಾಡ್ತಿದಾಳೆ. ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿಯುತ್ತಲ್ಲ, ಹಾಗೆ. ಚಿಟ್, ಚಿಟ್. ರಾತ್ರಿ ಮನೆ ನಿಶ್ಶಬ್ದವಾದಾಗ ನನ್ನ ರೂಮಿಗೇ ಕೇಳುತ್ತೆ.

– ತೊಂದರೆ ಏನು ಬಂತು ಅಕ್ಕ. ಊಟ ಮಾಡ್ತಿದಾಳಾ?

– ಮೂರು ವಾರದಿಂದ ಮುಟ್ಟಿಲ್ಲ. ಬಾಲ್ ಪೈಥಾನ್‌ಗಳು ಚಳಿಗಾಲದಲ್ಲಿ ಉಪವಾಸ ಕೂರೋದು ಮಾಮೂಲು ಅಂತ ಮಗ ಕಾಲೇಜಿಗೆ ಹೋಗುವಾಗ ಹೇಳಿದ್ದ. ಅದಕ್ಕೆ ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಸದ್ದು ಶುರುವಾದಾಗಲೂ ಪೊರೆ ಬಿಡೋ ಹೊತ್ತಿರಬೇಕು ಅಂದುಕೊಂಡೆ.

– ಆ ಲೆಕ್ಕವೂ ತಪ್ಪಲ್ಲ. ಪೊರೆ ಬಿಡೋ ಮುಂಚೆ ಮೂಗಿನ ಹೊಳ್ಳೆಯ ಚರ್ಮ ಸಡಿಲವಾಗಿ ಉಸಿರು ಸೀಟಿ ಹೊಡೆದ ಹಾಗೆ ಕೇಳೋದುಂಟು. ಪೊರೆ ಬಿಟ್ಟ ಮೇಲೆ ತಾನೇ ನಿಲ್ಲುತ್ತೆ. ಇವಳು ಕೊನೇ ಸಲ ಪೊರೆ ಬಿಟ್ಟಿದ್ದು ಯಾವಾಗ?

– ಪುಸ್ತಕದಲ್ಲಿದೆ, ಮಗ ಎಲ್ಲಾ ಬರೆದಿಡ್ತಿದ್ದ. ನಾನೂ ಬರೀತಿದೀನಿ. ನೋಡು, ಡಿಸೆಂಬರ್ 28.

– ಹಾಗಾದ್ರೆ ಇದು ಪೊರೆಯ ಸದ್ದಲ್ಲ. ತಲೆ ಹೀಗೆ ಮೇಲಕ್ಕೆತ್ತಿ ಗಾಜಿಗೆ ಒರಗಿಸಿಕೊಂಡು ಕೂತಿರೋದು ಯಾವತ್ತಿಂದ?

– ನಿನ್ನೆಯಿಂದ. ಏನೋ ಮೇಲೆ ನೋಡ್ತಿದಾಳೆ ಅಂತ ನಾನು ಮಾತಾಡಿಸ್ತಾ ಕೂತಿದ್ದೆ.

– ನೋಡ್ತಿಲ್ಲ ಅಕ್ಕ. ಉಸಿರಿನ ದಾರಿಯನ್ನ ನೆಟ್ಟಗೆ ಮಾಡ್ಕೊಳ್ತಿದಾಳೆ. ಉಬ್ಬಸ ಇರೋರು ರಾತ್ರಿ ಮಲಗೋಕಾಗದೆ ದಿಂಬಿಗೆ ಒರಗಿ ಕೂರ್ತಾರಲ್ಲ, ಹಾಗೆ.

– ಅಯ್ಯೋ ನನ್ನ ಕಂದ! ಒಂದು ಸಲ ಕೆಮ್ಮಿದ್ರೂ ನನಗೆ ಗೊತ್ತಾಗ್ತಿತ್ತಲ್ಲಪ್ಪ.

– ಅದೇ ಕಷ್ಟ. ಹಾವಿಗೆ ಕೆಮ್ಮೋಕೆ ಬರಲ್ಲ. ನಮಗೆ ಎದೆಗೂ ಹೊಟ್ಟೆಗೂ ನಡುವೆ ವಪೆ ಅಂತ ಒಂದು ಮಾಂಸದ ಪರದೆ ಇದೆ. ಕೆಮ್ಮುವಾಗ ಹೊಟ್ಟೆ ಒತ್ತಿ, ವಪೆ ಮೇಲಕ್ಕೆ ನುಗ್ಗಿ, ಕಫ ಹೊರಗೆ ಬರುತ್ತೆ. ಹಾವಿಗೆ ಆ ಪರದೆಯೇ ಇಲ್ಲ. ಪಕ್ಕೆಲುಬಿನ ನಡುವಿನ ಮಾಂಸದಿಂದಲೇ ಉಸಿರಾಡಬೇಕು. ಉಸಿರು ಎಳೆಯೋಕೆ ಅದು ಸಾಕು, ಕಫವನ್ನ ಜಾಡಿಸಿ ಆಚೆ ಹಾಕೋಕೆ ಸಾಲದು. ಅದರ ಮೇಲೆ ಶ್ವಾಸಕೋಶ ಉದ್ದಕ್ಕೆ ಮಲಗಿದ ಚೀಲ. ಮುಂದಿನ ಅರ್ಧ ಜೇನುಗೂಡಿನ ಹಾಗೆ ಕೋಣೆ ಕೋಣೆ, ರಕ್ತ ಹರಿಯೋದು ಅಲ್ಲಿ. ಹಿಂದಿನ ಅರ್ಧ ಬರೀ ಗಾಳಿ ತುಂಬೋ ಬಲೂನು. ಲೋಳೆ ಆ ಹಿಂದಿನ ಚೀಲಕ್ಕೆ ಇಳಿದ್ರೆ ಅಲ್ಲೇ ಕೂತ್ಕೊಳ್ಳುತ್ತೆ.

– ಹಾವಿಗೆ ಒಂದೇ ಶ್ವಾಸಕೋಶ ಅಂತ ಎಲ್ಲೋ ಓದಿದ್ದೆ.

– ನಾಗರಹಾವು, ಕೇರೆಹಾವಿಗೆಲ್ಲ ಕೆಲಸ ಮಾಡೋದು ಬಲಗಡೆಯದೊಂದೇ. ಎಡಗಡೆಯದು ಹೆಸರಿಗಷ್ಟೇ. ಹೆಬ್ಬಾವಿನ ಜಾತಿಗೆ ಎರಡೂ ಇವೆ, ಎಡಗಡೆಯದು ಸ್ವಲ್ಪ ಗಿಡ್ಡ. ಇವಳು ಪುಟ್ಟ ಹೆಬ್ಬಾವು ತಾನೇ, ಅಷ್ಟು ಪುಣ್ಯ. ಬನ್ನಿ, ಹೊರಗೆ ತೆಗೆಯೋಣ. ನೀವೇ ಎತ್ತಿ, ನಿಮ್ಮ ಕೈ ಅವಳಿಗೆ ಗೊತ್ತು. ಎರಡು ಕಡೆ ಆಧಾರ ಕೊಡಿ, ಎದೆ ಒತ್ತಬೇಡಿ.

– ಎಷ್ಟು ತಣ್ಣಗಿದಾಳೆ ನೋಡು. ಹಾವು ಅಂದ್ರೆ ತಣ್ಣಗೇ ಇರುತ್ತೆ ಅಂತ…

– ಬೆಚ್ಚಗಿನ ಮೂಲೆಯಿಂದ ಎತ್ತಿದ ಹಾವು ಕೈಗೆ ಬೆಚ್ಚಗೇ ಹತ್ತುತ್ತೆ ಅಕ್ಕ. ಸ್ವಲ್ಪ ಹಾಗೇ ಹಿಡ್ಕೊಳ್ಳಿ. ಒಂದು ಒದ್ದೆ ಟವೆಲ್ ಕೊಡಿ, ಸ್ಟೆತಸ್ಕೋಪನ್ನ ನೇರವಾಗಿ ಮೈಮೇಲೆ ಇಟ್ರೆ ಹುರುಪೆ ಉಜ್ಜೋ ಸದ್ದೇ ಜಾಸ್ತಿ. ನಡುವೆ ಒದ್ದೆ ಬಟ್ಟೆ ಇದ್ರೆ ಒಳಗಿನದು ಕೇಳುತ್ತೆ. ಹಾಂ… ಮುಂಭಾಗದಲ್ಲಿ ಕೊರಕೊರ ಇದೆ. ಈಗ ಬಾಯಿ ನೋಡಬೇಕು. ಈ ತೆಳು ಪ್ಲಾಸ್ಟಿಕ್ ಪಟ್ಟಿಯನ್ನ ತುಟಿ ಸಂದಿಯಲ್ಲಿ ಮೆಲ್ಲಗೆ ಜಾರಿಸ್ತೀನಿ. ಟಾರ್ಚ್ ಹಿಡೀರಿ. ಕಾಣ್ತಾ?

– ಕಾಣ್ತು. ಮೇಲಿಂದ ಕೆಳಗೆ ಎಳೆ ಎಳೆ ಅಂಟು. ಬೆಂಡೆಕಾಯಿ ಹೆಚ್ಚಿದಾಗ ಚಾಕುವಿಗೆ ಎಳೆ ಬರುತ್ತಲ್ಲ…

– ಆರೋಗ್ಯವಾಗಿರೋ ಹಾವಿನ ಬಾಯಿ ತಿಳಿಗುಲಾಬಿ ಬಣ್ಣ, ಒದ್ದೆ ಅಷ್ಟೇ, ಎಳೆ ಇರಲ್ಲ. ಈಗ ನಾಲಿಗೆಯ ಹಿಂದೆ, ತಳದಲ್ಲಿ ನೋಡಿ, ಅಂಗಿಯ ಕಾಜದ ಥರ ಒಂದು ಸೀಳು ತೆರೆದು ಮುಚ್ತಿದೆ. ಉಸಿರುನಾಳದ ಬಾಯಿ ಅದು. ದೊಡ್ಡ ಇಲಿ ನುಂಗುವಾಗ ಉಸಿರು ಕಟ್ಟದ ಹಾಗೆ ಆ ಕಾಜವನ್ನೇ ಬಾಯಿಂದ ಮುಂದಕ್ಕೆ ಚಾಚುತ್ತೆ, ಅಷ್ಟು ಚೆಂದದ ಏರ್ಪಾಡು. ಅದರ ಅಂಚಿನಲ್ಲಿ ಗುಳ್ಳೆ ಕಾಣ್ತು ನೋಡಿ, ಈಗ ಒಡೆಯಿತು. ನಿಮಗೆ ಕೇಳೋ ಚಿಟ್ ಅನ್ನೋ ಸದ್ದು ಅದೇ.

– ಸಾಕು, ಬಾಯಿ ಮುಚ್ಚಿಸು. ನನ್ನ ಕೈ ನಡುಗ್ತಿದೆ. ಇವಳು ಮನೆಗೆ ಬಂದಾಗ ಮಗ ನಾಲ್ಕನೇ ಕ್ಲಾಸು. ಹತ್ತು ವರ್ಷ ಆಯ್ತು. ಮೊದಲ ಆರು ತಿಂಗಳು ನಾನು ಆ ರೂಮಿಗೇ ಕಾಲಿಟ್ಟಿರಲಿಲ್ಲ.

– ಗೊತ್ತಾಯ್ತು ಅಕ್ಕ. ಇವಳನ್ನ ನಿಮ್ಮ ಸ್ವೆಟರ್ ಒಳಗೆ ಇಟ್ಕೊಳ್ಳಿ. ನಾನು ಪೆಟ್ಟಿಗೆ ನೋಡ್ತೀನಿ. ಈ ಗನ್ ಥರದ್ದು ಶಾಖ ಅಳೆಯೋ ಯಂತ್ರ. ಬೆಚ್ಚಗಿನ ಮೂಲೆ ಇದೇನಾ? 70 ಫ್ಯಾರನ್‌ಹೀಟ್ ಅಂತಿದೆ. ಊರಿನ ಲೆಕ್ಕದಲ್ಲಿ 21 ಡಿಗ್ರಿ. ಇಲ್ಲಿ 88ರಿಂದ 92 ಇರಬೇಕಿತ್ತು, ಅಂದ್ರೆ 31ರಿಂದ 33. ತಂಪು ಮೂಲೆಯಲ್ಲೂ 24ಕ್ಕಿಂತ ಕೆಳಗೆ ಇಳಿಯಬಾರದು.

– ಇರಲಾರದು! ಹೀಟರ್ ಆನ್ ಇದೆ, ಸ್ವಿಚ್‌ನ ಕೆಂಪು ದೀಪ ನೋಡು. ದಿನಾ ನೋಡ್ತೀನಿ ನಾನು.

– ಸ್ವಿಚ್‌ಗೆ ಕರೆಂಟು ಬರ್ತಿದೆ. ಆದ್ರೆ ಮೇಲಿರೋದು ಪಿಂಗಾಣಿಯ ಹೀಟರು. ಶಾಖ ಕೊಡುತ್ತೆ, ಬೆಳಕು ಕೊಡಲ್ಲ. ಬಲ್ಬಾಗಿದ್ರೆ ಆರಿದ್ದು ಕಣ್ಣಿಗೆ ಕಾಣ್ತಿತ್ತು. ಇದು ಸತ್ರೂ ಹೊರಗಿಂದ ಹಾಗೇ ಇರುತ್ತೆ. ಕೈ ಹತ್ತಿರ ಹಿಡೀರಿ, ಕಲ್ಲಿನ ಹಾಗೆ ತಣ್ಣಗಿದೆ. ರಾತ್ರಿ ಮನೆಯ ಹೀಟಿಂಗ್ ಎಷ್ಟಕ್ಕೆ ಇಳಿಸ್ತೀರಿ?

– 62ಕ್ಕೆ. ಗ್ಯಾಸ್ ಬಿಲ್ಲು ಜಾಸ್ತಿ ಬರುತ್ತೆ, ನಾನೊಬ್ಬಳೇ ತಾನೇ, ಎರಡು ರಗ್ಗು ಹೊದ್ದು ಮಲಗ್ತೀನಿ ಅಂತ… ಹಾಗಾದ್ರೆ ಇವಳು ಇಷ್ಟು ದಿನ 17 ಡಿಗ್ರಿಯಲ್ಲಿ ಮಲಗಿದ್ಲಾ? ನಾನೇ ಮಾಡಿದ್ದು ಇದು.

– ಶಾಖ ಹೋಗಿದ್ದೇ ಕಾರಣ ಅನ್ನೋದರಲ್ಲಿ ನನಗೆ ಹೆಚ್ಚು ಅನುಮಾನ ಇಲ್ಲ. ಸಮಾಧಾನಕ್ಕೆ ಸುಳ್ಳು ಹೇಳಲ್ಲ. ಆದ್ರೆ ನೀವು ಬೇಕಂತ ಮಾಡಿದ್ದಲ್ಲ, ಮೂರನೇ ದಿನಕ್ಕೆ ನನಗೆ ಫೋನ್ ಮಾಡಿದ್ರಿ. ಮೂರು ತಿಂಗಳು ಬಿಟ್ಟು, ಹಾವು ಬಾಯಿ ತೆರೆದು ಏದುಸಿರು ಬಿಡುವಾಗ ತರೋರನ್ನ ನಾನು ನೋಡ್ತೀನಿ.

– ಚಳಿಯಾದ್ರೆ ಕಾಯಿಲೆ ಯಾಕೆ ಬರಬೇಕು? ಶೀತ ಅನ್ನೋದು ಕ್ರಿಮಿಯಿಂದ ಬರೋದಲ್ವಾ?

– ಕ್ರಿಮಿ ಹೊರಗಿಂದಲೇ ಬರಬೇಕು ಅಂತಿಲ್ಲ. ಸ್ಯೂಡೊಮೊನಾಸ್, ಏರೊಮೊನಾಸ್ ಅಂತ ಬ್ಯಾಕ್ಟೀರಿಯಾಗಳು ನೀರಿನ ಬಟ್ಟಲಲ್ಲಿ, ಹಾವಿನ ಬಾಯಲ್ಲಿ ಸುಮ್ಮನೆ ಇರುತ್ತವೆ. ಬೆಚ್ಚಗಿರೋ ಹಾವಿನ ಮೈ ಅವನ್ನ ಹದ್ದುಬಸ್ತಿನಲ್ಲಿಡುತ್ತೆ. ನಮ್ಮ ಮೈ ತನ್ನ ಶಾಖವನ್ನ ತಾನೇ ಮಾಡ್ಕೊಳ್ಳುತ್ತೆ, ಹಾವು ಶಾಖವನ್ನ ಹೊರಗಿಂದ ಕಡ ತರಬೇಕು. ಅದು ಸಿಗದಿದ್ರೆ ರಕ್ತದ ಕಾವಲುಗಾರರು ನಿಧಾನ ಆಗ್ತಾರೆ, ಜೀರ್ಣ ನಿಧಾನ, ಎಲ್ಲವೂ ನಿಧಾನ. ಕ್ರಿಮಿಗೆ ಅದೇ ಹಬ್ಬ. ನಮಗೆ ಸೋಂಕಾದ್ರೆ ಜ್ವರ ಬರುತ್ತಲ್ಲ ಅಕ್ಕ, ಸರೀಸೃಪಗಳು ಆ ಜ್ವರವನ್ನ ಬಿಸಿಲಿಗೆ ಹೋಗಿ ತಂದುಕೊಳ್ಳುತ್ತವೆ. ಮ್ಯಾಥ್ಯೂ ಕ್ಲೂಗರ್ ಅನ್ನೋ ವಿಜ್ಞಾನಿ ಜೊತೆಗಾರರ ಜತೆ ಮರುಭೂಮಿಯ ಇಗ್ವಾನಾ ಹಲ್ಲಿಗಳಿಗೆ ಇದೇ ಏರೊಮೊನಾಸ್ ಚುಚ್ಚಿ, ಬೇರೆ ಬೇರೆ ಶಾಖದಲ್ಲಿಟ್ಟು ನೋಡಿ, 1975ರಲ್ಲಿ ಪ್ರಕಟಿಸಿದರು. ಬೆಚ್ಚಗಿದ್ದವು ಹೆಚ್ಚು ಬದುಕಿದವು, ತಣ್ಣಗಿದ್ದವು ಹೆಚ್ಚು ಸತ್ತವು. ನಾನು ಓದುವಾಗ ಇದನ್ನ ಪಾಠದಲ್ಲಿ ಕೇಳಿ ಮರೆತಿದ್ದೆ. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ವಾರಕ್ಕೆ ಎರಡು ಮೂರು ಹಾವು ಹೀಗೇ ಬಂದಾಗ ನೆನಪಾಯ್ತು.

– ಸರಿ, ಈಗಲೇ ಹೊಸ ಹೀಟರ್ ತರ್ತೀನಿ.

– ಕಾರಿನಲ್ಲಿ ನನ್ನ ಹತ್ತಿರ ಒಂದು ಯಾವಾಗಲೂ ಇರುತ್ತೆ. ಹಾಕಿ ಹೋಗ್ತೀನಿ. ಥರ್ಮೋಸ್ಟಾಟ್ ಜೊತೆಗೇ ಇರಲಿ, ಬೆಚ್ಚಗಾಗಲಿ ಅಂತ ಅತಿಯಾಗಿ ಕಾಯಿಸಿದ್ರೆ ಹಾವು ಸುಟ್ಟುಕೊಳ್ಳುತ್ತೆ, ಸುಡ್ತಿದೆ ಅಂತ ಅದಕ್ಕೆ ಬೇಗ ಗೊತ್ತೂ ಆಗಲ್ಲ. ಕಾಯಿಲೆ ವಾಸಿಯಾಗೋ ತನಕ ಬೆಚ್ಚಗಿನ ಮೂಲೆ 90ರ ಹತ್ತಿರ, ರಾತ್ರಿಯೂ ಇಳಿಸಬೇಡಿ. ಇನ್ನು ತೇವ. ಈ ಮೀಟರ್ 24 ಪರ್ಸೆಂಟ್ ತೋರಿಸ್ತಿದೆ. ಚಳಿಗಾಲದಲ್ಲಿ ಇಲ್ಲಿನ ಮನೆಗಳೆಲ್ಲ ಹೀಗೇ, ನಿಮ್ಮ ತುಟಿ ಒಡೆದ ಹಾಗೆ ಅವಳ ಉಸಿರುನಾಳವೂ ಒಣಗುತ್ತೆ. 60ರ ಆಸುಪಾಸು ಬೇಕು. ಇವಳ ತವರು ಪಶ್ಚಿಮ ಆಫ್ರಿಕಾ, ಘಾನಾ, ಟೋಗೊ, ಬೆನಿನ್ ಕಡೆ. ಹಗಲೆಲ್ಲ ಇಲಿಯ ಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಮಲಗೋ ಜಾತಿ. ಹೊರಗೆ ಬಿಸಿಲು ಸುಡ್ತಿದ್ರೂ ಹುತ್ತದೊಳಗೆ ಗಾಳಿ ತೇವವಾಗಿ, ಬೆಚ್ಚಗೆ ಇರುತ್ತೆ.

– ಹುತ್ತ! ನೋಡು, ನಮ್ಮ ಹಾವಿಗೂ ಅದೇ ಮನೆ, ಅಲ್ಲಿನ ಹಾವಿಗೂ ಅದೇ ಮನೆ.

– ಹೌದು. ಆ ಹುತ್ತವನ್ನ ನಾವು ಗಾಜಿನ ಪೆಟ್ಟಿಗೆಯಲ್ಲಿ ಕಟ್ಟಿಕೊಡಬೇಕು. ಅವಿತುಕೊಳ್ಳೋ ಡಬ್ಬಿಯೊಳಗೆ ಒದ್ದೆ ಪಾಚಿ ಇಡಿ, ದೊಡ್ಡ ನೀರಿನ ಬಟ್ಟಲನ್ನ ಬೆಚ್ಚಗಿನ ಕಡೆ ಸರಿಸಿ. ಹಾಗಂತ ನೆಲವೆಲ್ಲ ಕೆಸರು ಮಾಡಬೇಡಿ. ಒದ್ದೆಯೂ ಹೌದು, ತಣ್ಣಗೂ ಹೌದು ಅನ್ನೋ ಹಾಗಾದ್ರೆ ಒಣಗಿದ್ದಕ್ಕಿಂತ ಕೆಟ್ಟದ್ದು. ಅಲ್ಲ ಅಕ್ಕ, ಆ ಮೂಲೆಯ ಯಂತ್ರ ಏನು? ನೀಲಗಿರಿ ವಾಸನೆ ಬರ್ತಿದೆ.

– ಹಬೆಯ ಯಂತ್ರ. ಸದ್ದು ಕೇಳಿದ ದಿನದಿಂದ ನೀಲಗಿರಿ ಎಣ್ಣೆ ಎರಡು ತೊಟ್ಟು ಹಾಕಿ ಇಡ್ತಿದೀನಿ. ಮಕ್ಕಳಿಗೆ ಮೂಗು ಕಟ್ಟಿದಾಗ ಮಾಡ್ತಿದ್ನಲ್ಲ.

– ಈಗಲೇ ಆರಿಸಿ. ಎಣ್ಣೆಯ ಘಾಟು ಆ ಒಳಪದರವನ್ನ ಇನ್ನಷ್ಟು ಕೆರಳಿಸುತ್ತೆ. ಪಕ್ಕದಲ್ಲೇ ದೇವರ ಮನೆ, ಊದುಬತ್ತಿ, ಸಾಂಬ್ರಾಣಿ ದಿನಾ ಹಚ್ತೀರಿ ತಾನೇ? ಈ ರೂಮಿನ ಬಾಗಿಲು ಹಾಕಿ, ಬಾಗಿಲ ಕೆಳಗೆ ಬಟ್ಟೆ ಇಡಿ. ಇಲ್ಲವೇ ಕೆಲವು ದಿನ ದೀಪ ಮಾತ್ರ ಸಾಕು. ಹಾಸೋಕೆ ಏನು ಹಾಕಿದೀರಿ?

– ಕಾಗದ. ಮಗ ಮರದ ಹೊಟ್ಟು ಬೇಡ ಅಂದಿದ್ದ.

– ಒಳ್ಳೇ ಹುಡುಗ. ದೇವದಾರು ಥರದ ಪರಿಮಳದ ಹೊಟ್ಟು ಉಸಿರಿಗೆ ವಿಷ. ಈಗ ಇನ್ನೊಂದು ಮಾತು, ನನಗೆ ಮನಸ್ಸಿನಲ್ಲಿ ಕೊರೀತಿರೋದು. ಆ ಕಡೆ ಕಪಾಟಿನ ಮೇಲೆ ಇನ್ನೊಂದು ಪೆಟ್ಟಿಗೆ ಇದೆ.

– ಅದು ಹೊಸದು. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬಂದಾಗ ಮಗ ಹಾವಿನ ಮೇಳದಿಂದ ತಂದ, ಹಳದಿ ಬಣ್ಣದ ಮರಿ. ಅದು ಚೆನ್ನಾಗಿದೆಯಪ್ಪ, ಗಬಗಬ ತಿನ್ನುತ್ತೆ.

– ಎರಡಕ್ಕೂ ಒಂದೇ ಇಕ್ಕಳನಾ? ನೀರಿನ ಬಟ್ಟಲು ಒಟ್ಟಿಗೆ ತೊಳೀತೀರಾ?

– ಹೌದು. ಯಾಕೆ?

– ಹೊಸ ಹಾವು ಬಂದ್ರೆ ಕನಿಷ್ಠ ಮೂರು ತಿಂಗಳು ಬೇರೆ ರೂಮು, ಬೇರೆ ಪಾತ್ರೆ, ಹಳೇ ಹಾವಿನ ಕೆಲಸ ಮುಗಿದ ಮೇಲೆ ಅದರ ಕೆಲಸ. ಬಾಣಂತಿ ಕೋಣೆಗೆ ಕಂಡವರನ್ನೆಲ್ಲ ಬಿಡ್ತಿರಲಿಲ್ಲವಲ್ಲ, ಆ ಎಚ್ಚರ. ಯಾಕಂದ್ರೆ ಹಾವಿನ ಎದೆಯ ಕಾಯಿಲೆಗಳಲ್ಲಿ ಕೆಲವು ವೈರಸ್‌ನಿಂದ ಬರುತ್ತವೆ. ಸರ್ಪೆಂಟೊವೈರಸ್ ಅಂತ ಒಂದಿದೆ, ಮೊದಲು ನಿಡೊವೈರಸ್ ಅಂತಿದ್ರು. ಕೊರೊನಾ ವೈರಸ್‌ನ ದೂರದ ದಾಯಾದಿ. ಅಮೆರಿಕದ ಬಾಲ್ ಪೈಥಾನ್‌ಗಳಲ್ಲಿ ಇದನ್ನ ಗುರುತಿಸಿದ್ದು 2014ರಲ್ಲಿ. ಅದಕ್ಕೂ ಮುಂಚೆ ಎಷ್ಟೋ ಹಾವುಗಳು ನ್ಯುಮೋನಿಯಾ ಅಂತ ಸತ್ತು, ಕಾರಣ ತಿಳಿಯದೇ ಹೋದವು. 2018ರಲ್ಲಿ ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯವರು ಆರೋಗ್ಯವಾದ ಬಾಲ್ ಪೈಥಾನ್‌ಗಳಿಗೆ ಈ ವೈರಸ್ ಕೊಟ್ಟು, ಅವಕ್ಕೂ ಅದೇ ಲೋಳೆ, ಅದೇ ಉಬ್ಬಸ ಬಂದದ್ದನ್ನ ತೋರಿಸಿದರು. ಅಲ್ಲಿಗೆ ಅನುಮಾನ ಮುಗೀತು.

– ಮರಿ ಚೆನ್ನಾಗಿದೆ ಅಂದ್ನಲ್ಲ?

– ನೋಡೋಕೆ ಚೆನ್ನಾಗಿದ್ದೂ ವೈರಸ್ ಹೊತ್ತು ತಿರುಗೋ ಹಾವುಗಳಿವೆ. ಆ ಮರಿಯ ತಪ್ಪೂ ಅಲ್ಲದಿರಬಹುದು. ನಾಳೆ ಎರಡರ ಬಾಯಿಂದಲೂ ಸ್ವಾಬ್ ತೆಗೆದು ಪಿಸಿಆರ್‌ಗೆ ಕಳಿಸ್ತೀನಿ. ಕೋವಿಡ್ ಟೈಮಲ್ಲಿ ನಮಗೆ ಮಾಡಿದ್ರಲ್ಲ, ಅದೇ ಪರೀಕ್ಷೆ. ಒಂದು ಸಲ ಇಲ್ಲ ಅಂತ ಬಂದ್ರೆ ನಂಬಿ ಕೂರೋ ಹಾಗಿಲ್ಲ, ಮತ್ತೆ ಮಾಡಬೇಕು.

– ಇದೆ ಅಂತ ಬಂದ್ರೆ?

– ವೈರಸ್‌ಗೆ ಔಷಧ ಇಲ್ಲ ಅಕ್ಕ. ಮೇಲೆ ಕೂರೋ ಬ್ಯಾಕ್ಟೀರಿಯಾಗಳಿಗೆ ಔಷಧ ಕೊಟ್ಟು, ಬೆಚ್ಚಗಿಟ್ಟು, ಎಷ್ಟು ದಿನ ನೆಮ್ಮದಿಯಾಗಿ ಇರ್ತಾಳೋ ನೋಡಿಕೊಳ್ಳೋದು. ಮಗ ಮತ್ತೆ ಯಾವ ಹಾವನ್ನೂ ಮನೆಗೆ ತರಬಾರದು, ಇವನ್ನ ಯಾರಿಗೂ ಮಾರಬಾರದು, ಕೊಡಬಾರದು.

– ನನಗೆ ಅಂಟುತ್ತಾ?

– ಆ ವೈರಸ್ ಮನುಷ್ಯರಿಗೆ ಬಂದ ಉದಾಹರಣೆ ಇಲ್ಲ. ಹಾವಿನಿಂದ ನಮಗೆ ನಿಜವಾಗಿ ಬರೋದು ಸಾಲ್ಮೊನೆಲ್ಲಾ, ಹೊಟ್ಟೆಗೆ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೀರಿ. ಹಾವಿನ ಬಟ್ಟಲು ಅಡುಗೆಮನೆ ಸಿಂಕಿಗೆ ಬರಬಾರದು. ತಕ್ಕಡಿ ಇದೆಯಾ? ಅಡುಗೆಮನೆಯದು ಬೇಡ.

– ಮಗನದ್ದೇ ಬೇರೆ ಇದೆ, ಡಬ್ಬಿ ಸಮೇತ. ಇಡ್ತೀನಿ ತಾಳು… 1580 ಗ್ರಾಂ. ಅಕ್ಟೋಬರ್‌ನಲ್ಲಿ 1710 ಅಂತ ಬರೆದಿದೆ.

– ಈ ಪುಸ್ತಕ ನಾಳೆ ಮರೀದೆ ತನ್ನಿ. ಔಷಧದ ಲೆಕ್ಕ ಗ್ರಾಂ ಮೇಲೆ ಹೋಗುತ್ತೆ. ಎಷ್ಟು ಇಳಿದಳು ಅನ್ನೋದು ನನಗೆ ಎಕ್ಸ್‌ರೇಯಷ್ಟೇ ಮುಖ್ಯ.

– ಔಷಧ ಈಗಲೇ ಏನಾದ್ರೂ ಕೊಡೋಕಾಗಲ್ವಾ? ನನ್ನ ಹತ್ತಿರ ಊರಿಂದ ತಂದ ಆ್ಯಂಟಿಬಯಾಟಿಕ್ ಮಾತ್ರೆ ಇದೆ. ಪುಡಿ ಮಾಡಿ ನೀರಲ್ಲಿ…

– ದಯವಿಟ್ಟು ಬೇಡ. ಕಫ ತುಂಬಿರೋ ಹಾವಿನ ಬಾಯಿಗೆ ನೀರು ಹಿಂಡಿದ್ರೆ ಆ ಕಾಜದೊಳಗೆ ಹೋಗೋ ಸಾಧ್ಯತೆಯೇ ಹೆಚ್ಚು. ಮಾತ್ರೆ ಯಾವ ಕ್ರಿಮಿಗೆ ಅಂತಲೂ ನಮಗೆ ಗೊತ್ತಿಲ್ಲ. ದನಕ್ಕೆ ಕೊಡೋ ಇಂಜೆಕ್ಷನ್ನು ರೈತರ ಅಂಗಡಿಯಿಂದ ತಂದು ಅಂದಾಜಿನ ಮೇಲೆ ಚುಚ್ಚಿ, ಹಾವಿನ ಮೂತ್ರಪಿಂಡ ಕೆಡಿಸಿಕೊಂಡು ಬಂದವರನ್ನ ನೋಡಿದೀನಿ. 2023ರ ಜೂನ್‌ನಿಂದ ಆ ಅಂಗಡಿಗಳಲ್ಲೂ ಆ್ಯಂಟಿಬಯಾಟಿಕ್‌ಗೆ ವೈದ್ಯರ ಚೀಟಿ ಬೇಕು, ಒಳ್ಳೇದಾಯ್ತು. ನಾಳೆ ಉಸಿರುನಾಳದಿಂದ ಸ್ವಲ್ಪ ದ್ರವ ತೆಗೆದು ಕಲ್ಚರ್‌ಗೆ ಹಾಕ್ತೀನಿ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಬಗ್ಗುತ್ತೆ ಅಂತ ಕೆಲವು ದಿನದಲ್ಲಿ ತಿಳಿಯುತ್ತೆ. ಅಲ್ಲಿಯವರೆಗೆ ಕಾಯದೆ ಸೆಫ್ಟಾಜಿಡಿಮ್ ಶುರು ಮಾಡೋಣ ಅಂತಿದೀನಿ. ಹಾವಿಗೆ ಅದನ್ನ 72 ಗಂಟೆಗೊಂದು ಸಲ ಕೊಟ್ರೆ ಸಾಕು, ದಿನಾ ಚುಚ್ಚೋ ಹಿಂಸೆ ಇಲ್ಲ.

– ಮೂರು ದಿನಕ್ಕೊಂದು? ಅಷ್ಟು ಹೊತ್ತು ಮೈಯಲ್ಲಿ ನಿಲ್ಲುತ್ತಾ?

– ಹಾವಿನ ಒಲೆ ಸಣ್ಣ ಉರಿಯದ್ದು. ಔಷಧವೂ ನಿಧಾನಕ್ಕೆ ಕರಗುತ್ತೆ. ಆದ್ರೆ ಆ ಲೆಕ್ಕ ಬೆಚ್ಚಗಿರೋ ಹಾವಿಗೆ ಹಾಕಿದ್ದು. ನಾನು ಎಂಥ ಒಳ್ಳೇ ಔಷಧ ಕೊಟ್ರೂ ಈ ಪೆಟ್ಟಿಗೆ 21 ಡಿಗ್ರಿಯಲ್ಲೇ ಇದ್ರೆ ಪ್ರಯೋಜನ ಇಲ್ಲ. ಅರ್ಧ ಚಿಕಿತ್ಸೆ ಈ ಹೀಟರು.

– ಚುಚ್ಚೋದು ಯಾರು? ಪ್ರತೀ ಸಲ ಈ ಹಿಮದಲ್ಲಿ ಅಲ್ಲಿಗೆ ಬರೋದು…

– ನೀವೇ. ನಾಳೆ ಕೈ ಹಿಡಿದು ತೋರಿಸ್ತೀನಿ. ಸಿರಿಂಜುಗಳನ್ನ ತುಂಬಿ ಕೊಡ್ತೀನಿ, ಫ್ರೀಜರಿನಲ್ಲಿಡಿ, ಇಲಿಯ ಡಬ್ಬದ ಪಕ್ಕ. ಕೊಡೋ ದಿನ ಅಂಗೈಯಲ್ಲಿ ಹಿಡಿದು ಕರಗಿಸಿ, ಬೆನ್ನುಮೂಳೆಯ ಪಕ್ಕದ ಮಾಂಸಕ್ಕೆ, ಮೈಯ ಮುಂದಿನ ಅರ್ಧದಲ್ಲೇ ಚುಚ್ಚಬೇಕು. ಬಾಲದ ಕಡೆಯ ರಕ್ತ ಮೊದಲು ಮೂತ್ರಪಿಂಡಕ್ಕೆ ಹೋಗುತ್ತೆ, ಅದಕ್ಕೆ ಹಿಂದೆ ಬೇಡ. ನಾಲ್ಕು ವಾರ ಅಂತ ಮನಸ್ಸಿನಲ್ಲಿ ಇಟ್ಕೊಳ್ಳಿ, ಹೆಚ್ಚೂ ಆಗಬಹುದು. ಹಾವಿನ ಕೀವು ನಮ್ಮದರ ಹಾಗೆ ನೀರಾಗಿ ಹರಿಯಲ್ಲ, ಪನೀರಿನ ಹಾಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಔಷಧ ಅದರೊಳಗೆ ಇಳಿಯೋದು ತಡ. ಎರಡನೇ ವಾರಕ್ಕೆ ಸದ್ದು ನಿಲ್ಲುತ್ತೆ, ಜನ ಔಷಧವನ್ನೂ ನಿಲ್ಲಿಸಿಬಿಡ್ತಾರೆ. ತಿಂಗಳು ಕಳೆದ ಮೇಲೆ ಮತ್ತೆ ಬರ್ತಾರೆ, ಆಗ ಅದೇ ಔಷಧಕ್ಕೆ ಕ್ರಿಮಿ ಬಗ್ಗಲ್ಲ. ನೀವು ಹಾಗೆ ಮಾಡಬೇಡಿ.

– ಮಾಡಲ್ಲ. ಆದ್ರೂ ಒಂದು ಕೇಳ್ತೀನಿ. ಇಷ್ಟು ಕಫ ಕಟ್ಟಿದ್ರೂ ಮೊದಲೇ ಯಾಕೆ ನನಗೆ ತಿಳೀಲಿಲ್ಲ? ದಿನಾ ನೋಡ್ತೀನಲ್ಲ.

– ಹಾವಿಗೆ ಅಷ್ಟು ಉಸಿರಿನ ದಾಸ್ತಾನು ಇದೆ. ಬ್ರೌನ್ ಯೂನಿವರ್ಸಿಟಿಯ ಜಾನ್ ಕಪಾನೊ ಮತ್ತು ಜೊತೆಗಾರರು 2022ರಲ್ಲಿ ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ಬೋವಾ ಹಾವಿನ ಮೈಗೆ, ನಮಗೆ ಬಿಪಿ ನೋಡುವಾಗ ತೋಳಿಗೆ ಸುತ್ತೋ ಪಟ್ಟಿಯನ್ನ ಸುತ್ತಿ, ಗಾಳಿ ತುಂಬಿ ಒತ್ತಿದರು. ಅಲ್ಲಿನ ಪಕ್ಕೆಲುಬು ಅಲುಗಾಡದ ಹಾಗಾದಾಗ ಹಾವು ಇನ್ನೊಂದು ಭಾಗದ ಪಕ್ಕೆಲುಬಿನಿಂದ ಉಸಿರಾಡೋಕೆ ಶುರು ಮಾಡ್ತು. ಬೇಟೆಯನ್ನ ಸುತ್ತಿ ಹಿಸುಕುವಾಗಲೂ ನುಂಗುವಾಗಲೂ ಅದಕ್ಕೆ ಉಸಿರು ಕಟ್ಟದಿರೋದು ಹೀಗೆ. ನನಗನ್ನಿಸೋದು, ಕಾಯಿಲೆಯನ್ನ ಇಷ್ಟು ದಿನ ತಡೆದುಕೊಂಡು ಇರೋದರ ಹಿಂದೆಯೂ ಇಂಥ ಶಕ್ತಿ ಇರಬೇಕು. ನಮ್ಮ ಕಿವಿಗೆ ಸದ್ದು ಬೀಳೋ ಹೊತ್ತಿಗೆ ಅದು ಬಹಳ ದಿನ ಸಹಿಸಿರುತ್ತೆ.

– ನಮ್ಮೂರಲ್ಲಿ ಪಂಚಮಿ ಹೊತ್ತಿಗೆ ಹಾವಾಡಿಗ ಬುಟ್ಟಿ ತರ್ತಿದ್ದ. ಅಮ್ಮ ಲೋಟದಲ್ಲಿ ಹಾಲು ಕೊಡ್ತಿದ್ಲು, ನಾಗಪ್ಪ ಗಟಗಟ ಕುಡೀತಿತ್ತು. ಎಷ್ಟು ಭಕ್ತಿಯಿಂದ ಕೈ ಮುಗೀತಿದ್ವಿ. ಈಗ ನೀನು ಆ ಕಾಜ ತೋರಿಸಿದ ಮೇಲೆ ಹೊಟ್ಟೆಯಲ್ಲಿ ಏನೋ ಆಗ್ತಿದೆ.

– ಆ ಹಾವನ್ನ ಹಬ್ಬಕ್ಕೆ ಮುಂಚೆ ದಿನಗಟ್ಟಲೆ ನೀರಿಲ್ಲದೆ ಇಟ್ಟಿರ್ತಿದ್ರು ಅಕ್ಕ. ಬಾಯಾರಿದ ಜೀವ, ಮುಂದೆ ಇಟ್ಟದ್ದನ್ನ ಕುಡೀತು. ಹಾಲು ಹಾವಿನ ಆಹಾರವೇ ಅಲ್ಲ, ಜೀರ್ಣ ಆಗಲ್ಲ. ಹಲ್ಲು ಕಿತ್ತ ಬಾಯಿ, ಹುಣ್ಣು, ಅದರಲ್ಲಿ ಹಾಲು ಉಸಿರುನಾಳಕ್ಕೆ ಇಳಿದ್ರೆ ಕೆಮ್ಮಿ ಹೊರಗೆ ಹಾಕೋಕೆ ಬರಲ್ಲ. ಎದೆಯಲ್ಲಿ ಸೋಂಕಾಗಿ ಹಬ್ಬ ಕಳೆದ ಮೇಲೆ ಸಾಯೋ ನಾಗರಹಾವುಗಳು ಎಷ್ಟೋ. ಇವತ್ತು ನೀವು ಇವಳ ಬಾಯಲ್ಲಿ ನೋಡಿದ ಕಾಯಿಲೆಯೇ ಅದು. ಕಲ್ಲಿಗೋ ಹುತ್ತಕ್ಕೋ ನಾಲ್ಕು ಹನಿ ಹಾಲು ಎರೆಯೋದು ನಂಬಿಕೆ, ಅದಕ್ಕೆ ನಾನು ಏನೂ ಹೇಳಲ್ಲ. ಬುಟ್ಟಿಯ ಹಾವಿಗೆ ಮಾತ್ರ ಯಾರೂ ಕೊಡಬಾರದು. ಹಾವು ಹಿಡಿದು ಆಡಿಸೋದೇ 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ.

– ನನ್ನ ತಂಗಿಗೆ ಇವತ್ತೇ ಹೇಳ್ತೀನಿ. ಅವಳ ಮಗ ಬೆಂಗಳೂರಲ್ಲಿ ಇಂಥದ್ದೇ ಬಾಲ್ ಪೈಥಾನ್ ಬೇಕು ಅಂತ ಕೂತಿದಾನೆ. ಅಲ್ಲಿ ಸಾಕಬಹುದಾ?

– ನಮ್ಮ ದೇಶದ ಹಾವು ಯಾವುದನ್ನೂ ಮನೆಯಲ್ಲಿ ಇಟ್ಕೊಳ್ಳೋ ಹಾಗಿಲ್ಲ. ಬಾಲ್ ಪೈಥಾನ್ ಹೊರದೇಶದ್ದು, ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕೋ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಇಂಥವನ್ನ ಇಟ್ಕೊಂಡವರು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಅಂತ 2024ರಲ್ಲಿ ನಿಯಮ ಬಂದಿದೆ. ಕಾಗದ ಇಲ್ಲದೆ ಸಿಗೋದು ಹೆಚ್ಚಾಗಿ ಕಳ್ಳಸಾಗಣೆಯ ಮಾಲು. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಇಳಿದ ಒಬ್ಬನ ಸೂಟ್‌ಕೇಸಿನಲ್ಲಿ 234 ಪ್ರಾಣಿ ಸಿಕ್ಕಿದವು, ಹೆಬ್ಬಾವುಗಳೂ ಇದ್ದವು. ಅದರಲ್ಲಿದ್ದ ಕಾಂಗರೂ ಮರಿ ಸತ್ತುಹೋಗಿತ್ತು. ಹಾಗೆ ಗಾಳಿಯಿಲ್ಲದೆ, ನೀರಿಲ್ಲದೆ, ಒಂದರ ಮೇಲೊಂದು ಬಂದ ಹಾವಿನ ಎದೆ ಹೇಗಿರುತ್ತೆ ನೀವೇ ಯೋಚಿಸಿ. ಹುಡುಗನಿಗೆ ಹೇಳಿ, ಮೊದಲು ಕಾಗದ ನೋಡು, ಹಾವಿಗೆ ಔಷಧ ಕೊಡೋ ವೈದ್ಯರು ಊರಲ್ಲಿ ಯಾರಿದಾರೆ ಕೇಳು, ಅದು ಇಪ್ಪತ್ತು ಮೂವತ್ತು ವರ್ಷ ಬದುಕೋ ಪ್ರಾಣಿ, ನೀನು ಕಾಲೇಜಿಗೆ ಹೋದ ಮೇಲೆ ಯಾರು ನೋಡ್ಕೊಳ್ತಾರೆ ಅಂತ.

– ನಾನು ನೋಡ್ಕೊಂಡೆನಲ್ಲ, ಹೀಗಾಯ್ತು.

– ನೀವು ನೋಡ್ಕೊಂಡಿದ್ದಕ್ಕೇ ಇವತ್ತು ನನಗೆ ಇವಳು ಜೀವಂತ ಸಿಕ್ಕಿದಾಳೆ. ಪಿಂಗಾಣಿ ಹೀಟರ್ ಇಟ್ಟವರು ಸ್ವಿಚ್ ನೋಡೋದಲ್ಲ, ಥರ್ಮಾಮೀಟರ್ ನೋಡಬೇಕು. ಅದರ ಅಂಕಿಯನ್ನ ಇನ್ನು ಮೇಲೆ ಬೆಳಿಗ್ಗೆ ಒಂದು ಸಲ, ಮಲಗೋ ಮುಂಚೆ ಒಂದು ಸಲ ಅದೇ ಪುಸ್ತಕದಲ್ಲಿ ಬರೀರಿ.

– ಒಂದು ಮಾತು ನೇರವಾಗಿ ಹೇಳು. ಉಳೀತಾಳಾ?

– ಬ್ಯಾಕ್ಟೀರಿಯಾ ಒಂದೇ ಆಗಿದ್ರೆ, ಈ ಹಂತದಲ್ಲಿ, ಉಳೀತಾಳೆ ಅಂತಲೇ ನನ್ನ ನಂಬಿಕೆ. ಸ್ವಾಬಿನಲ್ಲಿ ವೈರಸ್ ಬಂದ್ರೆ ನಾನು ಮಾತು ಕೊಡಲಾರೆ.

– ಸರಿ. ಮಗನಿಗೆ ಫೋನ್ ಮಾಡ್ತೀನಿ, ಬಚ್ಚಿಡಲ್ಲ. ಇವತ್ತು ರಾತ್ರಿ ಇಲಿ ಕೊಡಲಾ?

– ಬೇಡ. ಜೀರ್ಣ ಮಾಡೋ ಶಕ್ತಿ ಈಗಿಲ್ಲ, ವಾಂತಿ ಮಾಡಿದ್ರೆ ಅದೂ ಉಸಿರುನಾಳಕ್ಕೆ ಹೋಗಬಹುದು. ನೀರು ಇರಲಿ. ನಾಳೆ ಬೆಳಿಗ್ಗೆ ಎಂಟೂವರೆಗೆ ಆಸ್ಪತ್ರೆಗೆ ಬನ್ನಿ. ಎರಡನ್ನೂ ಬೇರೆ ಬೇರೆ ದಿಂಬಿನ ಕವರಿನಲ್ಲಿ ಹಾಕಿ, ಬಾಯಿ ಗಂಟು ಹಾಕಿ, ಬೇರೆ ಬೇರೆ ಡಬ್ಬಿಯಲ್ಲಿಡಿ. ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಪಕ್ಕಕ್ಕಿಡಿ, ಮೈಗೆ ತಾಗದ ಹಾಗೆ. ನಾಳೆ ಮೈನಸ್ 20 ಅಂತಿದೆ. ಕಾರನ್ನ ಗ್ಯಾರೇಜಿನಿಂದ ಹೊರಗೆ ತಂದು, ಕಾಲು ಗಂಟೆ ಎಂಜಿನ್ ಚಾಲೂ ಇಟ್ಟು, ಒಳಗೆ ಚೆನ್ನಾಗಿ ಬೆಚ್ಚಗಾದ ಮೇಲೆ ಇವಳನ್ನ ಎತ್ತಿಕೊಂಡು ಬನ್ನಿ.